ಪಾರ್ಕ್ ಇದೆ, ಮಕ್ಕಳು ಆಡುವ ಹಾಗಿಲ್ಲ. ಹಸಿರು ಜಾಗ ಮಕ್ಕಳ ಆರೋಗ್ಯಕ್ಕೆ ನಿಜವಾಗಿ ಎಷ್ಟು ಮುಖ್ಯ?

ಇಬ್ಬರಮ್ಮ (ಬೆಂಗಳೂರು)

ನಮಸ್ಕಾರ. ಸ್ವಲ್ಪ ಉದ್ದ ಆಗುತ್ತೆ, ದಯವಿಟ್ಟು ಓದಿ. ನಾವಿರುವುದು ಬೆಂಗಳೂರಿನ ಪಶ್ಚಿಮ ಭಾಗದ ಒಂದು ರೆವಿನ್ಯೂ ಬಡಾವಣೆಯಲ್ಲಿ. ಎಲ್ಲವೂ 30-40 ಸೈಟು, ಗೋಡೆಗೆ ಗೋಡೆ ತಾಗಿದ ಮನೆಗಳು, ಬೀದಿಯ ಎರಡೂ ಕಡೆ ಕಾರು. ಮಗಳು ನಾಲ್ಕನೇ ಕ್ಲಾಸು, ಮಗ ಒಂದನೇ ಕ್ಲಾಸು. ಶಾಲೆಯ ಅಂಗಳದಲ್ಲಿ ಮೊದಲು ಮಣ್ಣಿತ್ತು. ಧೂಳು ಅಂತ ಕೆಲವು ಪೋಷಕರೇ ದೂರು ಕೊಟ್ಟು ಈಗ ಪೂರ್ತಿ ಟೈಲ್ಸ್ ಆಗಿದೆ, ಒಂದು ಮರವೂ ಇಲ್ಲ. ಪಾರ್ಕ್ ಇಲ್ಲ ಅಂತಲ್ಲ, ನಡೆದರೆ ಹತ್ತು ನಿಮಿಷ. ಆದರೆ ಮಧ್ಯೆ ದೊಡ್ಡ ರಸ್ತೆ, ಸಿಗ್ನಲ್ ಇಲ್ಲ, ಹಾಗಾಗಿ ದೊಡ್ಡವರು ಯಾರಾದರೂ ಜೊತೆಗೆ ಹೋಗಲೇಬೇಕು. ನಾನು ಕೆಲಸ ಮುಗಿಸಿ ಬರುವಷ್ಟರಲ್ಲಿ ಕತ್ತಲಾಗಿರುತ್ತೆ. ಭಾನುವಾರ ಹೋದರೆ ಗೇಟಲ್ಲೇ ಬೋರ್ಡು: ಚೆಂಡಾಟ ನಿಷೇಧ, ಸೈಕಲ್ ನಿಷೇಧ, ಹುಲ್ಲಿನ ಮೇಲೆ ನಡೆಯಬಾರದು. ಮಕ್ಕಳು ಒಂದು ಜೋಕಾಲಿಗೆ ಸಾಲಲ್ಲಿ ನಿಂತು ವಾಪಸ್ ಬರುತ್ತಾರೆ.

ಮಗಳ ಕಣ್ಣಿನ ನಂಬರ್ ಈ ವರ್ಷ ಮತ್ತೆ ಏರಿದೆ. ಮಗನಿಗೆ ರಾತ್ರಿ ಎಷ್ಟು ಹೊತ್ತಾದರೂ ನಿದ್ದೆ ಬರಲ್ಲ, ದಿನವಿಡೀ ಸಿಡಿಮಿಡಿ. ಮನೆಯಲ್ಲಿ ಹೇಳಿದರೆ "ಮಾಲ್‌ನಲ್ಲಿ ಪ್ಲೇ ಝೋನ್ ಇದೆ, ಟೆರೇಸ್ ಇದೆ, ಅಲ್ಲೇ ಆಡಲಿ, ಅದಕ್ಕೆ ಯಾಕೆ ಇಷ್ಟು ತಲೆ ಕೆಡಿಸ್ಕೋತೀಯ" ಅಂತಾರೆ. ನನ್ನ ಪ್ರಶ್ನೆ ಇಷ್ಟೇ. ಮರ, ಹುಲ್ಲು, ಮಣ್ಣು ಇರುವ ಜಾಗದಲ್ಲಿ ಆಡಿದರೆ ಬೇರೆ ಕಡೆ ಸಿಗದ್ದು ಏನಾದರೂ ಮಕ್ಕಳಿಗೆ ಸಿಗುತ್ತಾ? ಅಥವಾ ಓಡಾಡಿದರೆ ಸಾಕು, ಎಲ್ಲಾದರೂ ಸರಿನಾ?

ಮಕ್ಕಳ ಡಾಕ್ಟರ್ (ಮೈಸೂರು)

ಒಳ್ಳೆ ಪ್ರಶ್ನೆ ಮೇಡಂ. ಹೊರಗಿನ ಬೆಳಕಿನಿಂದ ಸಿಗುವುದು ಬೇರೆ, ಹಸಿರಿನಿಂದ ಸಿಗುವುದು ಬೇರೆ. ಎರಡನ್ನೂ ಕಲಸಿ ಮಾತಾಡಿದರೆ ಗೊಂದಲ ಆಗುತ್ತೆ.

ಮೊದಲು ಕಣ್ಣು. ಚೀನಾದ ಗುವಾಂಗ್‌ಝೌ ನಗರದಲ್ಲಿ 12 ಶಾಲೆಗಳ ಒಂದನೇ ಕ್ಲಾಸಿನ ಮಕ್ಕಳ ಮೇಲೆ ಒಂದು ಪ್ರಯೋಗ ನಡೆಯಿತು, 2015ರಲ್ಲಿ ಪ್ರಕಟವಾಯಿತು. ಅರ್ಧದಷ್ಟು ಶಾಲೆಗಳಲ್ಲಿ ದಿನಾ 40 ನಿಮಿಷ ಹೆಚ್ಚುವರಿಯಾಗಿ ಮಕ್ಕಳನ್ನು ಹೊರಗೆ ಬಿಟ್ಟರು, ಉಳಿದ ಶಾಲೆಗಳು ಹಾಗೇ ನಡೆದವು. ಮೂರು ವರ್ಷದ ನಂತರ ನೋಡಿದರೆ ಹೊರಗೆ ಹೋದ ಮಕ್ಕಳಲ್ಲಿ ಹೊಸದಾಗಿ ಸಮೀಪದೃಷ್ಟಿ, ಅಂದರೆ ದೂರದ್ದು ಮಸುಕಾಗಿ ಕಾಣುವ ತೊಂದರೆ, ಬಂದಿದ್ದು ಶೇ 30.4, ಉಳಿದವರಲ್ಲಿ ಶೇ 39.5. ಔಷಧಿ ಇಲ್ಲ, ಖರ್ಚಿಲ್ಲ, ಬರೀ ಬಯಲು. ಪ್ರಖರ ಬೆಳಕು ಬಿದ್ದಾಗ ಕಣ್ಣಿನ ಹಿಂಭಾಗದ ಅಕ್ಷಿಪಟದಲ್ಲಿ ಡೋಪಮಿನ್ ಅನ್ನುವ ರಾಸಾಯನಿಕ ಬಿಡುಗಡೆಯಾಗಿ, ಕಣ್ಣುಗುಡ್ಡೆ ಉದ್ದಕ್ಕೆ ಬೆಳೆಯುವುದು (ನಂಬರ್ ಏರುವುದು ಇದರಿಂದಲೇ) ನಿಧಾನವಾಗುತ್ತೆ ಅನ್ನುವುದು ಹೆಚ್ಚಿನ ತಜ್ಞರು ಕೊಡುವ ವಿವರಣೆ. ಕ್ಲಾಸ್ ರೂಮಿನ ಒಳಗೆ ಬೆಳಕು ಕೆಲವು ನೂರು ಲಕ್ಸ್ (ಬೆಳಕಿನ ಅಳತೆ) ಇದ್ದರೆ ಹೆಚ್ಚು, ಹೊರಗೆ ಮರದ ನೆರಳಲ್ಲೂ ಸಾವಿರಗಟ್ಟಲೆ ಇರುತ್ತೆ. ಅಂದರೆ ಮಕ್ಕಳನ್ನು ಸುಡು ಬಿಸಿಲಲ್ಲಿ ನಿಲ್ಲಿಸಬೇಕಿಲ್ಲ, ನೆರಳೂ ಸಾಕು.

ಒಂದು ಮಾತು ನೇರವಾಗಿ ಹೇಳುತ್ತೇನೆ. ಬಂದ ನಂಬರ್ ಆಟದಿಂದ ಇಳಿಯಲ್ಲ. ಹೆಚ್ಚು ಲಾಭ ಇರುವುದು ನಂಬರ್ ಬರುವ ಮೊದಲು. ಹಾಗಾಗಿ ಮಗಳಿಗೆ ಕಣ್ಣಿನ ಡಾಕ್ಟರ್ ಹೇಳಿದ ಚಿಕಿತ್ಸೆ ಬಿಡಬೇಡಿ, ಮಗನನ್ನಂತೂ ಈಗಿನಿಂದಲೇ ಹೊರಗೆ ಬಿಡಿ.

ಎರಡನೆಯದು ವಿಟಮಿನ್ ಡಿ. ಇಷ್ಟು ಬಿಸಿಲಿರುವ ದೇಶದಲ್ಲೂ 2016-18ರ ರಾಷ್ಟ್ರೀಯ ಪೋಷಣಾ ಸಮೀಕ್ಷೆಯಲ್ಲಿ 5ರಿಂದ 9 ವರ್ಷದ ಮಕ್ಕಳಲ್ಲಿ ಶೇ 18, 10ರಿಂದ 19ರವರಲ್ಲಿ ಶೇ 24 ಮಂದಿಗೆ ಕೊರತೆ ಕಂಡುಬಂತು. ವಯಸ್ಸು ಏರಿದ ಹಾಗೆ ಕೊರತೆಯೂ ಏರಿದೆ ನೋಡಿ. ಕಿಟಕಿ ಗಾಜಿನ ಹಿಂದೆ ಕೂತರೆ ಇದು ಸಿಗಲ್ಲ, ಅದಕ್ಕೆ ಬೇಕಾದ ಕಿರಣವನ್ನು ಗಾಜು ತಡೆಯುತ್ತೆ. ಮಾಲ್ ಒಳಗಿನ ಪ್ಲೇ ಝೋನ್‌ನಲ್ಲಿ ಕಣ್ಣಿಗೂ ಇಲ್ಲ, ಮೂಳೆಗೂ ಇಲ್ಲ. ಟೆರೇಸ್ ಇವೆರಡಕ್ಕೂ ಆದೀತು, ಪ್ಯಾರಪೆಟ್ ಎತ್ತರ ಇದ್ದರೆ ಮಾತ್ರ.

ಓದುಗ (ಧಾರವಾಡ)

ಡಾಕ್ಟರ್ ಬೆಳಕಿನದು ಹೇಳಿದರು, ನಾನು ಹಸಿರಿನದು ಹೇಳ್ತೀನಿ ಅಕ್ಕಾರೆ. ಇದರ ಮೇಲೆ ಒಂದಷ್ಟು ವರ್ಷದಿಂದ ಓದ್ತಾ ಇದ್ದೇನೆ.

ಬಾರ್ಸಿಲೋನಾದಲ್ಲಿ 7ರಿಂದ 10 ವರ್ಷದ 2,593 ಶಾಲಾ ಮಕ್ಕಳನ್ನು ಒಂದು ವರ್ಷ ಗಮನಿಸಿದರು. ಶಾಲೆಯ ಒಳಗೆ, ಸುತ್ತಮುತ್ತ ಹಸಿರು ಜಾಸ್ತಿ ಇದ್ದ ಕಡೆ ಮಕ್ಕಳ ನೆನಪಿನ ಶಕ್ತಿ ಹೆಚ್ಚು ಚುರುಕಾಗಿ ಬೆಳೆದಿತ್ತು. ನೆನಪು ಅಂದರೆ ಉರು ಹೊಡೆಯುವುದಲ್ಲ. ಲೆಕ್ಕ ಮಾಡುವಾಗ ಒಂದು ಅಂಕಿಯನ್ನು ತಲೆಯಲ್ಲಿ ಹಿಡಿದುಕೊಂಡು ಇನ್ನೊಂದನ್ನು ಕೂಡುತ್ತೇವಲ್ಲ, ಆ ಥರದ್ದು. ಇದರಲ್ಲಿ ಒಂದು ಪಾಲು ಟ್ರಾಫಿಕ್ ಹೊಗೆ ಕಡಿಮೆ ಇದ್ದದ್ದರಿಂದ ಬಂದದ್ದು ಅಂತಲೂ ಅವರೇ ಹೇಳಿದ್ದಾರೆ.

ಡೆನ್ಮಾರ್ಕಿನದು ಇನ್ನೂ ದೊಡ್ಡದು. 1985ರಿಂದ 2003ರ ನಡುವೆ ಹುಟ್ಟಿದ ಒಂಬತ್ತು ಲಕ್ಷಕ್ಕೂ ಹೆಚ್ಚು ಜನರ ದಾಖಲೆ, ಅದರ ಜೊತೆ ಉಪಗ್ರಹದ ಚಿತ್ರ. ಹತ್ತು ವರ್ಷದವರೆಗೆ ಮನೆ ಸುತ್ತ ಹಸಿರು ತೀರಾ ಕಡಿಮೆ ಇದ್ದವರಿಗೆ ಮುಂದೆ ಮಾನಸಿಕ ಕಾಯಿಲೆ ಬರುವ ಸಾಧ್ಯತೆ, ತುಂಬಾ ಹಸಿರಲ್ಲಿ ಬೆಳೆದವರಿಗಿಂತ ಶೇ 55ರವರೆಗೆ ಜಾಸ್ತಿ. 2019ರಲ್ಲಿ ಬಂದ ಅಧ್ಯಯನ. ಹಸಿರು ಇರೋ ಕಡೆ ದುಡ್ಡಿರೋರು ಇರ್ತಾರೆ, ಅದಕ್ಕೇ ಹಾಗೆ ಕಾಣುತ್ತೆ ಅಂತ ತಕ್ಷಣ ಅನಿಸುತ್ತೆ, ನನಗೂ ಹಾಗೇ ಅನಿಸಿತ್ತು. ಅಪ್ಪ ಅಮ್ಮನ ಆದಾಯ, ಓದು, ಮನೆಯಲ್ಲಿ ಮೊದಲೇ ಇದ್ದ ಕಾಯಿಲೆ ಎಲ್ಲ ಲೆಕ್ಕಕ್ಕೆ ಹಿಡಿದ ಮೇಲೂ ಸಂಬಂಧ ಉಳಿದಿತ್ತು. ಆದರೂ ಇದು ಸಂಬಂಧ ಮಾತ್ರ, ಮರ ಇಲ್ಲದ್ದರಿಂದಲೇ ಕಾಯಿಲೆ ಬಂತು ಅನ್ನುವ ರುಜುವಾತಲ್ಲ. ನಿಮ್ಮ ಹುಡುಗನ ಸಿಡಿಮಿಡಿಗೆ ಹೆದರಬೇಡಿ ಅಂತ ಇದನ್ನು ಸ್ಪಷ್ಟವಾಗಿ ಹೇಳ್ತಿದ್ದೇನೆ.

ಚಿಕ್ಕದು ಇನ್ನೊಂದಿದೆ. ಗಮನ ನಿಲ್ಲದ ತೊಂದರೆ, ಎಡಿಎಚ್‌ಡಿ ಅಂತಾರಲ್ಲ, ಅದು ಇರುವ ಮಕ್ಕಳನ್ನು ಅಮೆರಿಕದಲ್ಲಿ ಬೇರೆ ಬೇರೆ ದಿನ 20 ನಿಮಿಷ ಪಾರ್ಕಲ್ಲಿ, ಪೇಟೆಯಲ್ಲಿ, ಮನೆಗಳ ಬೀದಿಯಲ್ಲಿ ನಡೆಸಿದರು. ಪಾರ್ಕಲ್ಲಿ ನಡೆದು ಬಂದ ಮೇಲೆ ಗಮನ ಚೆನ್ನಾಗಿತ್ತು. ಮಕ್ಕಳು ಬರೀ 17 ಮಂದಿ, ಹಾಗಾಗಿ ಜಾಸ್ತಿ ಎಳೆಯಬಾರದು. ಆದರೆ ನಡಿಗೆ ಅಷ್ಟೇ, ನಿಮಿಷ ಅಷ್ಟೇ, ಜಾಗ ಮಾತ್ರ ಬೇರೆ. "ಓಡಾಡಿದರೆ ಸಾಕು, ಎಲ್ಲಾದರೂ ಸರಿನಾ" ಅಂತ ಕೇಳಿದಿರಲ್ಲ, ಅದಕ್ಕೆ ಹತ್ತಿರದ ಉತ್ತರ ಇದು.

ಪೀಟಿ ಮೇಷ್ಟ್ರು (ಹಾಸನ ಜಿಲ್ಲೆ)

ನಾನು ಅಧ್ಯಯನ ಓದಿದವನಲ್ಲ, ಮಕ್ಕಳನ್ನು ಆಡಿಸುವವನು. ಸಿಮೆಂಟ್ ಅಂಗಳದ ಶಾಲೆಯಲ್ಲೂ ಕೆಲಸ ಮಾಡಿದ್ದೇನೆ, ಈಗ ಇರುವ ಶಾಲೆಯಲ್ಲಿ ಮಣ್ಣಿನ ಮೈದಾನ, ಬದಿಯಲ್ಲಿ ಹುಣಸೆ, ಹೊಂಗೆ, ಒಂದು ದೊಡ್ಡ ಅತ್ತಿ ಮರ.

ಸಿಮೆಂಟಲ್ಲಿ ಬಿದ್ದ ಹುಡುಗ ಮಂಡಿ ಕಿತ್ತುಕೊಂಡು ಏಳುತ್ತಾನೆ, ಮಾರನೇ ದಿನ ಓಡುವುದಕ್ಕೆ ಹಿಂದೆ ಮುಂದೆ ನೋಡುತ್ತಾನೆ. ಮಣ್ಣಲ್ಲಿ ಬಿದ್ದವನು ಒರೆಸಿಕೊಂಡು ಅಲ್ಲೇ ಮತ್ತೆ ಓಡುತ್ತಾನೆ. ಖಾಲಿ ಸಿಮೆಂಟ್ ಅಂಗಳದಲ್ಲಿ ಜೋರಾಗಿರುವ ನಾಲ್ಕು ಹುಡುಗರು ಕ್ರಿಕೆಟ್ ಅಂತ ಇಡೀ ಜಾಗ ಹಿಡಿಯುತ್ತಾರೆ, ಹುಡುಗಿಯರು ಗೋಡೆ ಪಕ್ಕ ನಿಂತು ನೋಡುತ್ತಾರೆ. ಮರ, ದಿಣ್ಣೆ, ಕಲ್ಲು, ಪೊದೆ ಇರುವ ಕಡೆ ಆಟ ತಾನಾಗೇ ಹಂಚಿಹೋಗುತ್ತೆ. ಒಂದು ಕಡೆ ಲಗೋರಿ, ಒಂದು ಕಡೆ ಕುಂಟೆಬಿಲ್ಲೆ, ಮರದ ಮೇಲೆ ಮರಕೋತಿ, ಬೇರಿನ ಸಂದಿಯಲ್ಲಿ ಎಲೆ ಬಟ್ಟಲು ಇಟ್ಟು ಅಡುಗೆ ಆಟ. ಮೈ ದಪ್ಪ ಇರುವ, ಓಟದಲ್ಲಿ ಯಾವಾಗಲೂ ಹಿಂದೆ ಬೀಳುವ ಹುಡುಗಿ ಒಬ್ಬಳಿದ್ದಳು. ಪೀಟಿ ಪೀರಿಯಡ್ ಅಂದರೆ ಹೊಟ್ಟೆನೋವು ಅನ್ನುತ್ತಿದ್ದಳು. ಅತ್ತಿ ಮರದ ಕೆಳಗಿನ ಕೊಂಬೆಗೆ ಹತ್ತುವುದು ಕಲಿತ ಮೇಲೆ ಅವಳನ್ನು ಕ್ಲಾಸಿಗೆ ಕರೆಯುವುದೇ ಕೆಲಸ ಆಯಿತು. ಕಾಲು ಎಲ್ಲಿಡಬೇಕು, ಯಾವ ಕೊಂಬೆ ತಡೆಯುತ್ತೆ ಅಂತ ಚಿಕ್ಕವರಿಗೆ ಅವಳೇ ಹೇಳಿಕೊಡುತ್ತಿದ್ದಳು. ಇದನ್ನು ಯಾವ ಡ್ರಿಲ್ಲಿನಿಂದಲೂ ತರುವುದಕ್ಕೆ ಆಗಲ್ಲ.

5ರಿಂದ 17 ವರ್ಷದ ಮಕ್ಕಳು ದಿನಕ್ಕೆ ಸರಾಸರಿ 60 ನಿಮಿಷ ಮೈ ಬೆವರುವಷ್ಟು ಆಡಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತೆ. ವಾರಕ್ಕೆ ಎರಡು ಪೀಟಿ ಪೀರಿಯಡ್ ಇಟ್ಟು, ಪರೀಕ್ಷೆ ಬಂದಾಗ ಅದನ್ನೂ ಗಣಿತಕ್ಕೆ ಕೊಟ್ಟರೆ ಎಲ್ಲಿಂದ ಬರಬೇಕು ಈ 60 ನಿಮಿಷ? ಶಿಕ್ಷಣ ಹಕ್ಕು ಕಾಯ್ದೆಯಲ್ಲಿ ಶಾಲೆಗೆ ಇರಲೇಬೇಕಾದ್ದರ ಪಟ್ಟಿಯಲ್ಲಿ ಆಟದ ಮೈದಾನವೂ ಇದೆ. ನಿಮ್ಮ ಶಾಲೆಯವರನ್ನು ಕೇಳಿ ಮೇಡಂ. ಟೈಲ್ಸ್ ಹಾಕಿಸಿದ್ದೂ ಪೋಷಕರ ಮಾತಿಗೇ ಅಂದಮೇಲೆ ಒಂದು ಮೂಲೆಯಲ್ಲಿ ಕಿತ್ತು ಮಣ್ಣು ಬಿಡಿ, ನಾಲ್ಕು ಹೊಂಗೆ ನೆಡಿ ಅಂತಲೂ ಪೋಷಕರೇ ಕೇಳಬಹುದು.

ಮಲೆನಾಡಿನ ಅಮ್ಮ (ತೀರ್ಥಹಳ್ಳಿ ಕಡೆ)

ಎಲ್ಲರೂ ಹಸಿರು ಹಸಿರು ಅಂತಿದ್ದೀರಿ, ನಮ್ಮ ಕಡೆಯದ್ದೂ ಸ್ವಲ್ಪ ಕೇಳಿ ಮಾರಾಯ್ರೆ. ನಮ್ಮ ಮನೆ ಬಾಗಿಲು ತೆಗೆದರೆ ತೋಟ, ಅದರಾಚೆ ಗುಡ್ಡ, ಕಾಡು. ಉಪಗ್ರಹದಿಂದ ನೋಡಿದರೆ ನಮ್ಮ ಮಕ್ಕಳಷ್ಟು ಹಸಿರಲ್ಲಿರುವವರು ಯಾರೂ ಇಲ್ಲ. ಆದರೆ ಮಗ ಬೆಳಗ್ಗೆ ಏಳೂವರೆಗೆ ಶಾಲೆ ವ್ಯಾನು ಹತ್ತಿದರೆ ವಾಪಸ್ ಬರುವಾಗ ಸಂಜೆ ಐದೂವರೆ. ಊರಿನ ಶಾಲೆ ಮಕ್ಕಳಿಲ್ಲ ಅಂತ ಮುಚ್ಚಿತು, ಹಾಗಾಗಿ ಪೇಟೆ ಶಾಲೆ. ಬಂದು ಹೋಂವರ್ಕು, ಮಳೆಗಾಲದಲ್ಲಿ ಅಷ್ಟೊತ್ತಿಗೆ ಕತ್ತಲೆ. ಅಕ್ಕಪಕ್ಕದ ಮನೆ ಅಂದರೆ ಅರ್ಧ ಮೈಲಿ, ಆಡೋಕೆ ಜೊತೆಗೆ ಇನ್ನೊಂದು ಮಗು ಬೇಡವಾ? ಒಬ್ಬನೇ ಎಷ್ಟು ಹೊತ್ತು ತೋಟ ಸುತ್ತುತ್ತಾನೆ, ಕೊನೆಗೆ ಮೊಬೈಲೇ.

ಮತ್ತೆ ಮಂಗನ ಕಾಯಿಲೆ ಇದೆ, ಕಾಡಿನ ಉಣುಗು (ಉಣ್ಣೆ) ಕಚ್ಚಿ ಬರುವ ಜ್ವರ. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದದ್ದು, ಇವತ್ತಿಗೂ ಚಳಿಗಾಲ ಶುರುವಾದರೆ ನಮಗೆ ಅದೇ ಹೆದರಿಕೆ. ಎಲ್ಲಾದರೂ ಮಂಗ ಸತ್ತ ಸುದ್ದಿ ಬಂದರೆ ಮಕ್ಕಳನ್ನು ಕಾಡಿನ ಅಂಚಿಗೂ ಕಳಿಸಲ್ಲ. ನಾವು ಚಿಕ್ಕವರಿರುವಾಗ ದರಗು (ಒಣ ಎಲೆ) ತರಲು ಹೋಗುತ್ತಿದ್ದ ಜಾಗಕ್ಕೆ ಈಗ ನನ್ನ ಮಗ ಹೋದರೆ ಬಂದ ಕೂಡಲೇ ಬಟ್ಟೆ ಬಿಚ್ಚಿಸಿ ಉಣುಗು ಹುಡುಕುತ್ತೇನೆ. ಹಸಿರು ಇದ್ದರೆ ಆರೋಗ್ಯ ತಾನಾಗೇ ಬರುತ್ತೆ ಅಂತ ಬರೆಯಬೇಡಿ ಅಂತ ಕೇಳಿಕೊಳ್ಳುತ್ತೇನೆ. ಹೊತ್ತು ಬೇಕು, ಜೊತೆಗಾರರು ಬೇಕು, ಹೆದರಿಕೆ ಇಲ್ಲದ ಜಾಗ ಬೇಕು.

ಮಕ್ಕಳ ಡಾಕ್ಟರ್ (ಮೈಸೂರು)

ನೀವು ಹೇಳಿದ್ದು ಪೂರ್ತಿ ಸರಿ. ಮಾಡುತ್ತಿರುವುದೂ ಸರಿ. ನವೆಂಬರ್‌ನಿಂದ ಮೇವರೆಗೆ ಕಾಡಂಚಿಗೆ ಹೋಗಲೇಬೇಕಾದರೆ ಮೈ ಮುಚ್ಚುವ ಬಟ್ಟೆ, ಆರೋಗ್ಯ ಇಲಾಖೆಯವರು ಕೊಡುವ ಎಣ್ಣೆ, ಬಂದ ಮೇಲೆ ಬಿಸಿನೀರಿನ ಸ್ನಾನ. ಜ್ವರ ಬಂದರೆ ಮನೆಮದ್ದು ಮಾಡುತ್ತಾ ಕೂರಬೇಡಿ, ಕಾಡಿಗೆ ಹೋಗಿದ್ದ ಅಂತ ಡಾಕ್ಟರ್‌ಗೆ ಮೊದಲೇ ಹೇಳಿ.

ಪೇಟೆಯ ಪಾರ್ಕಿಗೂ ಇಂಥದ್ದು ಇದೆ. ನೀರು ನಿಂತ ಒಡೆದ ಕಾರಂಜಿ, ಡೆಂಗಿ ಸೊಳ್ಳೆ. ಹಗಲಲ್ಲಿ ಕಚ್ಚುವ ಸೊಳ್ಳೆ ಅದು. ಇದೆಲ್ಲ ಮಕ್ಕಳನ್ನು ಒಳಗೇ ಕೂರಿಸುವುದಕ್ಕೆ ಕಾರಣ ಅಲ್ಲ, ಜಾಗ ಚೊಕ್ಕಟವಾಗಿಡಿ ಅಂತ ಪಾಲಿಕೆಯವರನ್ನು ಹಿಡಿದು ಕೇಳುವುದಕ್ಕೆ ಕಾರಣ.

ಅಂಗನವಾಡಿ ಟೀಚರ್ (ಬೆಂಗಳೂರು)

ನಾನು ಬರೆಯೋದಾ ಬೇಡ್ವಾ ಅಂತ ಯೋಚಿಸಿದೆ, ಬರೀತೀನಿ. ನಮ್ಮ ಕೇಂದ್ರ ಬಾಡಿಗೆಯ ಒಂದು ರೂಮು. ಅದರಲ್ಲೇ ಅಡುಗೆ ಸಾಮಾನು, ಪೌಷ್ಟಿಕ ಆಹಾರದ ಮೂಟೆ, ತೂಕದ ಯಂತ್ರ, ಮೂರರಿಂದ ಆರು ವರ್ಷದ ಮಕ್ಕಳು. ಹೊರಗೆ ಹೆಜ್ಜೆ ಇಟ್ಟರೆ ರಸ್ತೆ. ಮಕ್ಕಳ ಮನೆಯೂ ಒಂದೇ ರೂಮಿನದು, ಅಪ್ಪ ಗಾರೆ ಕೆಲಸ, ಅಮ್ಮ ಮನೆಗೆಲಸ ಅಥವಾ ಗಾರ್ಮೆಂಟ್ಸು. ಅಂದರೆ ಆ ಮಗುವಿಗೆ ಬೆಳಗ್ಗೆಯಿಂದ ರಾತ್ರಿವರೆಗೆ ಕಾಲು ಚಾಚಿ ಓಡುವ ಜಾಗವೇ ಇಲ್ಲ.

ಎರಡು ಬೀದಿ ಆಚೆ ಒಂದು ಪಾರ್ಕ್ ಇದೆ. ಒಂದು ದಿನ ಸಹಾಯಕಿ ಜೊತೆ ಎಲ್ಲರನ್ನೂ ಸೆರಗು ಹಿಡಿಸಿ ಸಾಲಾಗಿ ಕರೆದುಕೊಂಡು ಹೋದೆ. ಒಳಗೆ ಹೋದ ತಕ್ಷಣ ಮಕ್ಕಳು ಆಟಿಕೆ ಕಡೆ ಹೋಗಲಿಲ್ಲ, ಕೂತು ಹುಲ್ಲು ಮುಟ್ಟಿ ನೋಡಿದರು. ಒಬ್ಬ ಉದುರಿದ ಹೊಂಗೆ ಹೂವನ್ನೆಲ್ಲ ಗುಡ್ಡೆ ಮಾಡಿದ. ಮಾತೇ ಆಡದ ಒಂದು ಹುಡುಗಿ ಇರುವೆ ಸಾಲು ತೋರಿಸಿ "ಟೀಚರ್, ಅನ್ನ ತಗೊಂಡು ಹೋಗ್ತಿದೆ" ಅಂದಳು. ಆ ದಿನ ಮಧ್ಯಾಹ್ನ ಅನ್ನ ಸಾರು ಪೂರ್ತಿ ಖಾಲಿ, ಬೇಗ ನಿದ್ದೆ. ಎರಡನೇ ಸಲ ಹೋದಾಗ ವಾಕಿಂಗ್ ಮಾಡುವವರೊಬ್ಬರು, ಗಲಾಟೆ ಆಗುತ್ತೆ, ಗಿಡ ಹಾಳಾಗುತ್ತೆ ಅಂದರು. ಮೂರನೇ ಸಲ ಹತ್ತು ಗಂಟೆ ಆಯ್ತು ಅಂತ ವಾಚ್‌ಮನ್ ಗೇಟ್‌ಗೆ ಬೀಗ ಹಾಕಿದ್ದ. ನಮ್ಮ ಕೇಂದ್ರ ಶುರುವಾಗುವುದೇ ಆ ಹೊತ್ತಿಗೆ.

ಶ್ರೀಮಂತರ ಮಕ್ಕಳಿಗೆ ಅಪಾರ್ಟ್‌ಮೆಂಟ್ ಒಳಗೇ ಲಾನ್ ಇರುತ್ತೆ. ಸರ್ಕಾರದ ಪಾರ್ಕ್ ಬೇಕಾಗಿರೋದೇ ನಮ್ಮ ಈ ಮಕ್ಕಳಿಗೆ, ಅಲ್ವಾ?

ವಕೀಲರು (ಬೆಂಗಳೂರು)

ಟೀಚರ್, 2024ರ ಜೂನ್‌ನಲ್ಲೇ ಬೆಂಗಳೂರಿನ ಪಾಲಿಕೆ ಪಾರ್ಕ್‌ಗಳನ್ನು ಬೆಳಗ್ಗೆ 5ರಿಂದ ರಾತ್ರಿ 10ರವರೆಗೆ ತೆರೆದಿಡಬೇಕು ಅಂತ ತೀರ್ಮಾನ ಆಗಿದೆ. ಅದಕ್ಕಿಂತ ಮೊದಲು ಬೆಳಗ್ಗೆ 10ಕ್ಕೆ ಮುಚ್ಚಿ ಮಧ್ಯಾಹ್ನ ಒಂದೂವರೆಗೆ ತೆಗೆಯುತ್ತಿದ್ದರು. ನಿಮ್ಮಲ್ಲಿ ಇನ್ನೂ ಹಳೇ ರೂಢಿ ನಡೆಯುತ್ತಿದ್ದರೆ ತೋಟಗಾರಿಕೆ ವಿಭಾಗಕ್ಕೆ ಲಿಖಿತ ದೂರು ಕೊಡಿ, ಬಾಯಲ್ಲಿ ಹೇಳಬೇಡಿ.

ಬೆಂಗಳೂರಿನವರು ಎಲ್ಲರೂ ತಿಳಿದಿರಬೇಕಾದ ಒಂದು ಕೇಸ್ ಇದೆ. ಈಗಿನ ಸದಾಶಿವನಗರದ ಕಡೆ, ರಾಜಮಹಲ್ ವಿಲಾಸ್ ಬಡಾವಣೆಯಲ್ಲಿ ಪಾರ್ಕಿಗೆ ಅಂತ ನಕ್ಷೆಯಲ್ಲಿ ಬಿಟ್ಟಿದ್ದ ಜಾಗವನ್ನು ಖಾಸಗಿ ಟ್ರಸ್ಟ್ ಒಂದಕ್ಕೆ ಆಸ್ಪತ್ರೆ ಕಟ್ಟಲು ಕೊಟ್ಟರು. ಅಲ್ಲಿನ ನಿವಾಸಿಗಳು ಕೋರ್ಟಿಗೆ ಹೋದರು. ಹೈಕೋರ್ಟಿನ ಏಕಸದಸ್ಯ ಪೀಠದಲ್ಲಿ ಸೋತರು, ವಿಭಾಗೀಯ ಪೀಠದಲ್ಲಿ ಗೆದ್ದರು, ಕೊನೆಗೆ 1991ರಲ್ಲಿ ಸುಪ್ರೀಂ ಕೋರ್ಟ್ ಕೂಡ ನಿವಾಸಿಗಳ ಪರವೇ ನಿಂತಿತು. ಬೆಂಗಳೂರು ಮೆಡಿಕಲ್ ಟ್ರಸ್ಟ್ ಮತ್ತು ಮುದ್ದಪ್ಪ ಅನ್ನುವ ಹೆಸರಿನ ತೀರ್ಪು ಅದು, ದೇಶದ ಎಲ್ಲಾ ಕಡೆ ಪಾರ್ಕ್ ಉಳಿಸಲು ಇವತ್ತಿಗೂ ಅದನ್ನೇ ಮುಂದಿಡುತ್ತಾರೆ. ಆಸ್ಪತ್ರೆಯೂ ಜನರ ಆರೋಗ್ಯಕ್ಕೇ ಅಲ್ವಾ, ಪಾರ್ಕ್ ಬದಲು ಅದು ಬಂದರೆ ತಪ್ಪೇನು ಅನ್ನುವುದೇ ಅಲ್ಲಿನ ವಾದ. ಗಾಳಿ, ಬಯಲು, ಮಕ್ಕಳು ಆಡುವ ಜಾಗ ಇವೂ ಸಾರ್ವಜನಿಕ ಹಿತವೇ, ಒಂದು ಇನ್ನೊಂದರ ಜಾಗ ತಿನ್ನುವ ಹಾಗಿಲ್ಲ ಅನ್ನುವುದು ಕೋರ್ಟಿನ ನಿಲುವು. ಆ ನಿವಾಸಿಗಳು ಅಷ್ಟು ವರ್ಷ ಪಟ್ಟು ಬಿಡದೇ ನಿಂತದ್ದಕ್ಕೆ ನನಗೆ ಈಗಲೂ ತುಂಬಾ ಗೌರವ.

ಬಿಡಿಎ (ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ) ಕಾಯ್ದೆ ಪ್ರಕಾರ ಅವರ ಬಡಾವಣೆಯಲ್ಲಿ ಶೇ 15 ಜಾಗ ಪಾರ್ಕ್ ಮತ್ತು ಆಟದ ಮೈದಾನಕ್ಕೆ, ಅದಲ್ಲದೆ ಶೇ 10 ಸಿಎ, ಅಂದರೆ ನಾಗರಿಕ ಸೌಲಭ್ಯದ ಸೈಟುಗಳಿಗೆ ಬಿಡಬೇಕು. ಜೊತೆಗೆ ಪಾರ್ಕು, ಮೈದಾನ, ಬಯಲು ಜಾಗಗಳ ರಕ್ಷಣೆಗೆ ಅಂತಲೇ 1985ರ ರಾಜ್ಯ ಕಾಯ್ದೆ ಇದೆ. ತೊಂದರೆ ಇರುವುದು ರೆವಿನ್ಯೂ ಬಡಾವಣೆಗಳಲ್ಲಿ. ಹೊಲವನ್ನು ಹಾಗೇ ಸೈಟು ಮಾಡಿ ಮಾರಿದ ಕಡೆ ಪಾರ್ಕ್ ಬಿಟ್ಟವರು ಯಾರು? ಇಬ್ಬರಮ್ಮ ಅವರ ಮಕ್ಕಳು ಆ ರಸ್ತೆ ದಾಟಬೇಕಾಗಿ ಬಂದಿರುವುದು ಈ ಕಾರಣಕ್ಕೆ.

ಹಿರಿಯರು (ಜಯನಗರ)

ವಾಕಿಂಗ್ ಮಾಡುವವರ ಬಗ್ಗೆ ಬಂತು, ಅದಕ್ಕೇ ಬರೆಯುತ್ತಿದ್ದೇನೆ. ನನಗೆ ಎಪ್ಪತ್ತು ದಾಟಿದೆ, ಮಂಡಿ ಆಪರೇಷನ್ ಆಗಿದೆ. ಚೆಂಡು ತಾಗಿ ಬಿದ್ದರೆ ಮತ್ತೆ ಏಳುತ್ತೇನೋ ಇಲ್ಲವೋ ಎಂಬ ಭಯ ನಿಜವಾದದ್ದು. ನಮಗೂ ದಿನದಲ್ಲಿ ಇರುವುದು ಆ ಒಂದು ಗಂಟೆ, ನಾಲ್ಕು ಜನರ ಜೊತೆ ಮಾತು. ಹಾಗಂತ ಮಕ್ಕಳನ್ನು ಓಡಿಸುವುದನ್ನು ನಾನು ಒಪ್ಪುವುದಿಲ್ಲ. ನಮ್ಮ ಪಾರ್ಕಿನಲ್ಲಿ ಮಾತಾಡಿ ಒಂದು ಒಪ್ಪಂದಕ್ಕೆ ಬಂದಿದ್ದೇವೆ. ಸಂಜೆ ನಾಲ್ಕೂವರೆಯಿಂದ ಆರೂವರೆವರೆಗೆ ಹಿಂದಿನ ಅರ್ಧ ಭಾಗ ಮಕ್ಕಳದ್ದು, ಚೆಂಡಾಟವೂ ಸೇರಿ. ಗಟ್ಟಿ ಚೆಂಡು ಮಾತ್ರ ಇಲ್ಲ. ಆ ಹೊತ್ತಿನಲ್ಲಿ ನಾವು ಮುಂದಿನ ಭಾಗದಲ್ಲಿ ನಡೆಯುತ್ತೇವೆ. ಈಗ ಕೆಲವು ಅಜ್ಜಂದಿರು ಅತ್ತ ಕಡೆ ಕಲ್ಲು ಬೆಂಚಿನ ಮೇಲೆ ಕೂತು ಮಕ್ಕಳ ಜಗಳ ಬಿಡಿಸುತ್ತಾರೆ, ಕೆಲಸಕ್ಕೆ ಹೋಗುವ ತಾಯಂದಿರಿಗೆ ಅದೇ ಧೈರ್ಯ. ಇಬ್ಬರಮ್ಮ ತಾಯಿ, ನಿಮ್ಮ ಬೀದಿಯಲ್ಲೂ ನನ್ನಂಥವರು ಇದ್ದೇ ಇರುತ್ತಾರೆ, ರಸ್ತೆ ದಾಟಿಸುವುದಕ್ಕೆ ಕೇಳಿ ನೋಡಿ. ಕೇಳಿದರೆ ಸಂತೋಷವೇ ಆಗುತ್ತದೆ.

ಹೆಲ್ಸಿಂಕಿ ಕನ್ನಡಿಗ

ಇಲ್ಲಿ ಮಗಳು ಡೇಕೇರ್‌ಗೆ ಹೋಗುತ್ತಾಳೆ, ಹಾಗಾಗಿ ಕಂಡದ್ದು ಹೇಳುತ್ತೇನೆ. ದಿನಕ್ಕೆ ಎರಡು ಸಲ ಹೊರಗೆ ಬಿಡುತ್ತಾರೆ, ಮಳೆಯಾದರೂ ಹಿಮ ಬಿದ್ದರೂ. ಪ್ರತಿ ಮಗುವಿಗೂ ರಬ್ಬರಿನಂಥ ಕೆಸರು ಪ್ಯಾಂಟು, ಹೆಸರು ಬರೆದು ಗೂಟಕ್ಕೆ ನೇತು ಹಾಕಿರುತ್ತಾರೆ. ಸಂಜೆ ಕರೆತರಲು ಹೋದರೆ ಮುಖಕ್ಕೆಲ್ಲ ಮಣ್ಣು, ಟೀಚರ್‌ಗೆ ಅದು ದೂರಿನ ವಿಷಯವೇ ಅಲ್ಲ. ಮೊದಲ ಚಳಿಗಾಲ ಊರಿಂದ ಬಂದಿದ್ದ ಅಮ್ಮ ಇದನ್ನು ನೋಡಿ ತುಂಬಾ ಹೆದರಿದ್ದರು.

ಇಲ್ಲೇ ಫಿನ್‌ಲೆಂಡಿನಲ್ಲಿ 2020ರಲ್ಲಿ ಒಂದು ಅಧ್ಯಯನ ಬಂತು. 3ರಿಂದ 5 ವರ್ಷದ 75 ಮಕ್ಕಳು. ಜಲ್ಲಿ ಹಾಕಿದ ಕೆಲವು ಡೇಕೇರ್ ಅಂಗಳಗಳಿಗೆ ಕಾಡಿನ ನೆಲವನ್ನೇ, ಅಂದರೆ ಪಾಚಿ, ಚಿಕ್ಕ ಗಿಡ, ಮಣ್ಣು ಎಲ್ಲ ಸೇರಿದ ಪದರವನ್ನು ತಂದು ಹಾಸಿದರು, ಹುಲ್ಲು ಹಾಸಿದರು, ಗಿಡ ನೆಡಲು ಪೆಟ್ಟಿಗೆ ಇಟ್ಟರು. 28 ದಿನಕ್ಕೇ ಆ ಮಕ್ಕಳ ಚರ್ಮದ ಮೇಲಿನ ಸೂಕ್ಷ್ಮಜೀವಿಗಳಲ್ಲಿ ಹೆಚ್ಚು ಬಗೆ ಕಂಡವು, ರಕ್ತದಲ್ಲಿ ರೋಗನಿರೋಧಕ ವ್ಯವಸ್ಥೆಯನ್ನು ಹತೋಟಿಯಲ್ಲಿಡುವ ಗುರುತುಗಳೂ ಒಳ್ಳೆಯ ದಿಕ್ಕಿಗೆ ಹೋದವು. ಅಲರ್ಜಿ ಕಡಿಮೆ ಆಯಿತು ಅಂತ ಅವರು ಹೇಳಿಲ್ಲ, ಅಷ್ಟು ಉದ್ದದ ಅಧ್ಯಯನ ಅಲ್ಲ ಅದು. ಆದರೆ ಇಡೀ ಕಾಡು ಬೇಕಾಗಲಿಲ್ಲ, ಅಂಗಳದ ಒಂದು ಭಾಗ ಸಾಕಾಯಿತು ಅನ್ನುವುದು ನನಗೆ ದೊಡ್ಡದಾಗಿ ಕಂಡಿತು. ಪೀಟಿ ಮೇಷ್ಟ್ರು ಹೇಳಿದ ಶಾಲೆ ಮೂಲೆಯ ಮಣ್ಣು ಇದೇ ಅಲ್ವಾ?

ಗಾಲಿಕುರ್ಚಿ ಹುಡುಗನ ಅಮ್ಮ (ಬೆಂಗಳೂರು)

ಈ ಮಾತಲ್ಲಿ ನನ್ನ ಮಗನೂ ಬರಬೇಕು. ನಮ್ಮ ಪಾರ್ಕಿನ ಗೇಟು ದನ, ಬೈಕು ಬರಬಾರದು ಅಂತ ಅಂಕುಡೊಂಕು ಮಾಡಿದ್ದಾರೆ, ಗಾಲಿಕುರ್ಚಿ ತೂರಲ್ಲ. ದೊಡ್ಡ ಗೇಟಿನ ಬೀಗದ ಕೈ ಯಾರ ಹತ್ತಿರ ಇದೆ ಅಂತ ಪ್ರತಿ ಸಲ ಹುಡುಕಬೇಕು. ಒಳಗೆ ಹೋದರೆ ಜೋಕಾಲಿ ಸುತ್ತ ಮರಳು, ಚಕ್ರ ಹೂತುಹೋಗುತ್ತೆ. ಕೋಲ್ಸ್ ಪಾರ್ಕಿನಲ್ಲಿ ಎಲ್ಲ ಮಕ್ಕಳೂ ಆಡುವ ಹಾಗೆ ಮಾಡಿದ್ದಾರೆ, ವಿಶೇಷ ಮಕ್ಕಳ ಪೋಷಕರೇ ಸೇರಿ ಕಿಲಿಕಿಲಿ ಅನ್ನುವ ಸಂಸ್ಥೆ ಕಟ್ಟಿ ಆಗಿದ್ದು ಅದು. ನಮಗೆ ಅದು ದೂರ, ತಿಂಗಳಿಗೊಮ್ಮೆ ಹೋದರೆ ಹೆಚ್ಚು. ದಿನಾ ಬೇಕಾದದ್ದು ತಿಂಗಳಿಗೊಮ್ಮೆ ಸಿಕ್ಕರೆ ಸಾಲಲ್ಲ. ಗೇಟು ಮಾಡಿಸುವಾಗ ದಯವಿಟ್ಟು ಒಂದು ಅಗಲದ ದಾರಿ ಬಿಡಿಸಿ, ತಳ್ಳುಗಾಡಿಯ ಪಾಪುಗಳಿಗೂ ಹಿರಿಯರಿಗೂ ಆಗುತ್ತೆ.

ಹೊಂಗೆ ನೆರಳು (ತುಮಕೂರು)

ಇವರ "ದಿನಾ" ಅನ್ನುವ ಮಾತನ್ನು ಹಿಡಿದುಕೊಳ್ಳಿ ಎಲ್ಲರೂ. ಕಬ್ಬನ್ ಪಾರ್ಕ್, ಲಾಲ್‌ಬಾಗ್ ದೊಡ್ಡದು, ಚೆಂದ, ಬಾಲಭವನದ ಪುಟಾಣಿ ರೈಲು ಮಕ್ಕಳಿಗೆ ಹಬ್ಬ. ಆದರೆ ಮಗುವಿನ ಕಣ್ಣು, ನಿದ್ದೆ, ಮನಸ್ಸು ತಿಂಗಳಿಗೊಂದು ಹಬ್ಬದಿಂದ ನಡೆಯಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಯುರೋಪ್ ವಿಭಾಗ ನಗರಗಳಿಗೆ ಹೇಳುವುದು, ಮನೆಯಿಂದ 300 ಮೀಟರ್ ಒಳಗೆ ಕನಿಷ್ಠ ಅರ್ಧದಿಂದ ಒಂದು ಹೆಕ್ಟೇರ್ ಹಸಿರು ಇರಬೇಕು ಅಂತ. ನಾವು ಅದರ ಜೊತೆಗೆ, ದಾರಿಯಲ್ಲಿ ಹೈವೇ ಇರಬಾರದು, ಬೀಗ ಇರಬಾರದು, ಚೆಂಡು ಬಿಡಬೇಕು ಅಂತ ಸೇರಿಸಬೇಕು.

ಪಾರ್ಕ್ ಆಗುವವರೆಗೆ ಬೀದಿ ಮರ. ಬೆಂಗಳೂರಿನಲ್ಲಿ ಪರಿಸರ ಸಂಶೋಧಕಿ ಹರಿಣಿ ನಾಗೇಂದ್ರ ಮತ್ತು ಜೊತೆಗಾರರು ಬೀದಿಮರಗಳ ಕೆಳಗೆ ಅಳೆದು 2013ರಲ್ಲಿ ಪ್ರಕಟಿಸಿದರು. ಮರ ಇರುವ ರಸ್ತೆಯಲ್ಲಿ ಮಧ್ಯಾಹ್ನದ ಗಾಳಿಯ ಬಿಸಿ 5.6 ಡಿಗ್ರಿಯಷ್ಟು, ಡಾಂಬರಿನ ಬಿಸಿ 27.5 ಡಿಗ್ರಿಯಷ್ಟು ಕಡಿಮೆ ಇತ್ತು. ಏಪ್ರಿಲ್‌ನಲ್ಲಿ ಮಗು ಹೊರಗೆ ಆಡುತ್ತೋ ಮನೆಯಲ್ಲಿ ಕೂರುತ್ತೋ ಅನ್ನುವುದು ಇದರ ಮೇಲೇ ನಿಂತಿದೆ. ಮಕ್ಕಳಿಗೆ ಅಂತ ನೆಡುವುದಾದರೆ ನನ್ನ ಆಯ್ಕೆ ಹೊಂಗೆ, ಒಂದೆರಡು ಗಸಗಸೆ ಹಣ್ಣಿನ ಮರ. ಗಸಗಸೆ ಹಣ್ಣು ನಮ್ಮ ನೆಲದ್ದಲ್ಲ, ಆದರೆ ಬೇಗ ಬೆಳೆಯುತ್ತೆ, ವರ್ಷದ ಹೆಚ್ಚು ಕಾಲ ಹಣ್ಣು ಬಿಡುತ್ತೆ, ಮಕ್ಕಳು ಅದರ ಬುಡ ಬಿಟ್ಟು ಏಳಲ್ಲ.

ನಮ್ಮ ಹಳೇ ಮೈಸೂರು ಕಡೆ ಪ್ರತಿ ಊರಿಗೂ ಗುಂಡುತೋಪು ಇತ್ತು. ಮಾವು, ಹಲಸು, ನೇರಳೆ, ಹುಣಸೆ. ದಾರಿಹೋಕರಿಗೆ ನೆರಳು, ಬೇಸಿಗೆ ರಜೆಯಲ್ಲಿ ಮಕ್ಕಳ ರಾಜ್ಯ. ನಿಮ್ಮ ಬಡಾವಣೆಯ ಹಳೇ ಗ್ರಾಮ ನಕ್ಷೆಯಲ್ಲಿ ತೋಪು ಇತ್ತಾ ನೋಡಿಸಿ. ಎಷ್ಟೋ ಕಡೆ ಅದರ ಅರ್ಧ ಈಗಲೂ ಸರ್ಕಾರದ ಹೆಸರಲ್ಲಿ ಒತ್ತುವರಿಯಾಗಿಯೋ ಕಸ ತುಂಬಿಯೋ ಬಿದ್ದಿರುತ್ತೆ.

ಇಬ್ಬರಮ್ಮ (ಬೆಂಗಳೂರು)

ಇಷ್ಟೊಂದು ಜನ ಬರೆದಿದ್ದೀರಿ, ಎಲ್ಲರಿಗೂ ಥ್ಯಾಂಕ್ಸ್. ಪಕ್ಕದ ಮನೆ ಆಂಟಿ, ಎದುರು ಮನೆ ರಿಟೈರ್ಡ್ ಅಂಕಲ್ ಇಬ್ಬರೂ ವಾರದಲ್ಲಿ ಕೆಲವು ಸಂಜೆ ಮಕ್ಕಳನ್ನು ರಸ್ತೆ ದಾಟಿಸಿ ಕರೆದುಕೊಂಡು ಹೋಗೋಕೆ ಒಪ್ಪಿದ್ದಾರೆ. ಚೆಂಡಾಟದ ಬೋರ್ಡ್ ಬಗ್ಗೆ ಬೀದಿಯವರೆಲ್ಲ ಸಹಿ ಹಾಕಿ ಅರ್ಜಿ ಬರೆಯುತ್ತಿದ್ದೇವೆ, ಅಂಗನವಾಡಿ ಮಕ್ಕಳಿಗೆ ಬೆಳಗಿನ ಹೊತ್ತು ಗೇಟ್ ತೆರೆದಿಡಬೇಕು ಅಂತಲೂ ಸೇರಿಸಿದ್ದೇವೆ. ಎರಡು ಪ್ರಶ್ನೆ ಉಳಿದಿದೆ. ಬಡಾವಣೆ ನಕ್ಷೆಯಲ್ಲಿ ಏನಾದರೂ ಪಾರ್ಕ್ ಜಾಗ ತೋರಿಸಿದ್ದಾರಾ ಅಂತ ತಿಳಿಯೋದು ಹೇಗೆ? ಮತ್ತೆ ನಮ್ಮ ಬೀದಿ ಕೊನೆಯಲ್ಲಿ ಒಂದು ಖಾಲಿ ಸೈಟಿದೆ, ಮಾಲೀಕರು ಬೇರೆ ಊರಲ್ಲಿದ್ದಾರೆ, ತುಂಬಾ ಕಾಂಗ್ರೆಸ್ ಗಿಡ. ಅದನ್ನು ಸದ್ಯಕ್ಕೆ ಮಕ್ಕಳಿಗೆ ಬಳಸಬಹುದಾ?

ವಕೀಲರು (ಬೆಂಗಳೂರು)

ನಕ್ಷೆಗೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ. ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. ಸರ್ವೆ ನಂಬರ್ ಹಾಕಿ, "ಅನುಮೋದಿತ ಬಡಾವಣೆ ನಕ್ಷೆ ಮತ್ತು ಪಾರ್ಕ್, ಬಯಲು ಜಾಗಗಳ ಪಟ್ಟಿಯ ದೃಢೀಕೃತ ಪ್ರತಿ" ಅಂತ ಇಷ್ಟೇ ಕೇಳಿ. ಕರ್ನಾಟಕದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದ ಒಳಗೆ ಇರಬೇಕು. ಗ್ರಾಮ ನಕ್ಷೆಗೆ ಬೇರೆ ಅರ್ಜಿ. ಖಾಲಿ ಸೈಟು ಖಾಸಗಿ ಆಸ್ತಿ, ಮಾಲೀಕರ ಒಪ್ಪಿಗೆ ಬರಹದಲ್ಲಿ ತಗೊಳ್ಳಿ. ಹಕ್ಕು ಸಾಧಿಸಲ್ಲ, ಕೇಳಿದಾಗ ಬಿಟ್ಟುಕೊಡುತ್ತೇವೆ ಅಂತ ನೀವೂ ಬರೆದುಕೊಡಿ, ಅವರಿಗೂ ಧೈರ್ಯ ಬರುತ್ತೆ. ಬಾವಿ, ತೆರೆದ ಸಂಪು, ಹಳೇ ಪಾಯದ ಗುಂಡಿ ಇದೆಯಾ ಅಂತ ಮೊದಲು ಪೂರ್ತಿ ನಡೆದು ನೋಡಿ.

ಮಕ್ಕಳ ಡಾಕ್ಟರ್ (ಮೈಸೂರು)

ಕಾಂಗ್ರೆಸ್ ಗಿಡ ಕೀಳುವ ಕೆಲಸಕ್ಕೆ ಮಕ್ಕಳನ್ನು ಸೇರಿಸಲೇಬೇಡಿ. ಹೂ ಬಿಡುವ ಮೊದಲು, ನೆಲ ಒದ್ದೆ ಇರುವಾಗ ಬೇರು ಸಮೇತ ಕೀಳಬೇಕು. ಕೈಗವಸು, ಮೂಗಿಗೆ ಬಟ್ಟೆ, ಉದ್ದ ತೋಳು. ಚರ್ಮದ ಅಲರ್ಜಿ ಅಥವಾ ಅಸ್ತಮಾ ಇರುವ ದೊಡ್ಡವರೂ ದೂರ ಇರಲಿ. ಒಂದು ಸಲಕ್ಕೆ ಹೋಗಲ್ಲ, ಮಳೆ ಬಂದರೆ ಮತ್ತೆ ಹುಟ್ಟುತ್ತೆ, ಮತ್ತೆ ಕೀಳಬೇಕು. ಮಗನ ನಿದ್ದೆ ವಿಷಯ, ಸಂಜೆ ಆಟ ಶುರುವಾಗಿ ಒಂದಷ್ಟು ವಾರ ಆದಮೇಲೂ ಹಾಗೇ ಇದ್ದರೆ ನಿಮ್ಮ ಡಾಕ್ಟರ್‌ಗೆ ತೋರಿಸಿ. ರಕ್ತದಲ್ಲಿ ಕಬ್ಬಿಣದ ಅಂಶವನ್ನೂ ಒಮ್ಮೆ ಪರೀಕ್ಷೆ ಮಾಡಿಸಿ.